ನಟ್ಟು ಬಿಡದ ಬೋಲ್ಟು

ಬೋಲ್ಟು ಸಿಕ್ಕಿತು. ಅದರ ಮೇಲೆ ನಟ್ಟೂ ಇತ್ತು.

ವಿಮಾ ಕಂಪನಿಯ ಕುಜೆ ಮಿಸಾಓ ಚರಂಡಿಯ ಕೊಳೆತ ಎಲೆಗಳ ನಡುವೆ ನಿಂತು ಅದನ್ನು ಅಂಗೈಯಲ್ಲಿ ಹೊರಳಿಸಿ ನೋಡಿದಳು. ಗೇಣಿಗಿಂತ ಗಿಡ್ಡ, ಕಿರುಬೆರಳಿಗಿಂತ ದಪ್ಪ. ತಲೆಯ ಮೇಲೆ, ಬಿಗಿದಾಯಿತೆಂದು ಮೇಸ್ತ್ರಿಗಳು ಗುರುತಿಗೆ ಎಳೆಯುವ ಬಿಳಿ ಬಣ್ಣದ ಸಣ್ಣ ಗೆರೆ. ಕಳಚಿ ಬಿದ್ದ ಬೋಲ್ಟಿಗೆ ಇರಬೇಕಾದ ಗಾಯ ಒಂದೂ ಇರಲಿಲ್ಲ.

ಮೇಲೆ ರಸ್ತೆಯಿಂದ ಪೊಲೀಸ್ ಸೊನೊದಾ ಬಗ್ಗಿ ನೋಡಿದ.

"ಸಿಕ್ತೇನ್ರೀ ಕುಜೆಸಾನ್?"

"ಸಿಕ್ತು."

"ಅಬ್ಬ, ಬದುಕಿದೆ! ಓಗುರಿಸಾನ್ ಹೇಳಿದ ಜಾಗದಲ್ಲೇ ಅಲ್ವಾ? ಮೂರನೇ ತಿರುವು, ಒಳಗಡೆ ಚರಂಡಿ. ಆ ಮನುಷ್ಯ ಸುಳ್ಳು ಹೇಳೋರಲ್ಲ ಅಂತ ನಾನು ಆವತ್ತೇ ಅಂದಿದ್ದೆ. ಬನ್ನಿ ಮೇಲೆ. ಫೈಲ್ ಮುಚ್ಚಿ ಊಟಕ್ಕೆ ಹೋಗೋಣ."

"ಸೊನೊದಾಸಾನ್, ನಿಮ್ಮ ಅಂಗಿ ಗುಂಡಿ ಕಿತ್ತು ಬಿದ್ರೆ ಜೊತೆಗೆ ಕಾಜಾನೂ ಬೀಳುತ್ತಾ?"

"ಕಾಜಾ ಹೇಗ್ರೀ ಬೀಳುತ್ತೆ?"

"ಇಲ್ಲಿ ಬಿದ್ದಿದೆ," ಎಂದು ಮಿಸಾಓ ಬೋಲ್ಟನ್ನು ಎತ್ತಿ ತೋರಿಸಿದಳು.

ಸೊನೊದಾ ನೋಡಿದ. ಅವನಿಗೆ ಕಂಡದ್ದು ಬೋಲ್ಟು ಮಾತ್ರ. ಮಿಸಾಓ ಮತ್ತೇನೂ ಹೇಳದೆ ಅದನ್ನು ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಮೇಲೆ ಹತ್ತಿದಳು.

ಹೋದ ವಾರ ಬೆಳಗಿನ ಜಾವ ಕುರುಮಿ ಘಾಟಿಯ ಇದೇ ತಿರುವಿನಲ್ಲಿ, ಹಯಾಮಿ ತೊಷಿಕಿಯ ಎರಡು ಸೀಟಿನ ಕೆಂಪು ಕಾರು ತಡೆಕಂಬಿ ಮುರಿದು ಕೆಳಗಿನ ಚಹಾ ತೋಟಕ್ಕೆ ಉರುಳಿತ್ತು. ತೊಷಿಕಿ ಆಸ್ಪತ್ರೆಯಲ್ಲಿದ್ದ. ಹಿಂದಿನ ಬಲಗಾಲಿಯನ್ನು ಹಿಡಿದಿಡುವ ತೋಳಿನ ಬೋಲ್ಟು ಕಾಣೆಯಾಗಿತ್ತು. ಆ ಕಾರಿಗೆ ಹೊಸ ಟೈರು, ಹೊಸ ಸ್ಪ್ರಿಂಗು, ಹೊಸ ಶಾಕ್ ಅಬ್ಸಾರ್ಬರ್ ಹಾಕಿಕೊಟ್ಟಿದ್ದ ಓಗುರಿ ಶೊಹೇ, ಯಾರೂ ಕೇಳುವ ಮೊದಲೇ, "ಬಿಗಿ ಮಾಡೋದು ಮರೆತೆ, ತಪ್ಪು ನನ್ನದೇ" ಎಂದು ಒಪ್ಪಿಕೊಂಡಿದ್ದರು. ಇವತ್ತು ಸಂಜೆ ಹಯಾಮಿ ಮನೆಗೆ ಹೋಗಿ ತಲೆಬಾಗಿ ಕ್ಷಮೆ ಕೇಳಿ, ಅಲ್ಲಿಂದ ಬಂದವರೇ ಕಾರ್ಖಾನೆಯ ಬೋರ್ಡು ಇಳಿಸಿ ಕೆಲಸ ಬಿಡುತ್ತೇನೆಂದೂ ಹೇಳಿದ್ದರು.

ಅವರು ಒಮ್ಮೆ ತಲೆಬಾಗಿದರೆ ಮುಗಿಯಿತು. ಈ ಬೆಟ್ಟಸೀಮೆಯಲ್ಲಿ ತಲೆಬಾಗಿದ ಮೇಲೆ ಯಾರೂ ಮತ್ತೆ ಪ್ರಶ್ನೆ ಕೇಳುವುದಿಲ್ಲ. ವಿಮಾ ಕಂಪನಿಯ ತನಿಖೆಗಾರ್ತಿಯೂ ಕೇಳುವ ಹಾಗಿಲ್ಲ.

ಸಂಜೆಗೆ ಇನ್ನೂ ಹೊತ್ತಿತ್ತು.

*

ಓಗುರಿಯವರ ಕಾರ್ಖಾನೆ ಘಾಟಿಯ ಬುಡದಲ್ಲಿ, ಚಹಾ ಒಣಗಿಸುವ ಮಿಲ್ಲಿನ ಪಕ್ಕದಲ್ಲಿತ್ತು. ಅಲ್ಲಿ ರಬ್ಬರಿನ ವಾಸನೆಗೆ ಹಸಿ ಚಹಾದ ಹಬೆ ಸೇರಿಕೊಂಡಿರುತ್ತಿತ್ತು. ಸೊನೊದಾ ಎದುರಿನ ಅಂಗಡಿಗೆ ಸೋಬಾ ಶ್ಯಾವಿಗೆ ತಿನ್ನಲು ಹೋದ. ಮಿಸಾಓ ಒಬ್ಬಳೇ ಒಳಗೆ ಬಂದಳು.

"ಮೇಸ್ತ್ರಿ, ವಿಮೆಯವ್ರು ಬಂದ್ರು," ಎಂದಳು ಕಿರಿನೊ ಮಿನೊರಿ, ಸಾಮಾನಿನ ಪೆಟ್ಟಿಗೆಗಳ ಹಿಂದಿನಿಂದ ಮುಖ ಹೊರಹಾಕಿ. "ಅಕ್ಕ, ಕಾಲು ಒರೆಸ್ಕೊಂಡು ಬನ್ನಿ. ಇಲ್ಲಿ ನೆಲ ನಿಮ್ಮ ಊಟದ ತಟ್ಟೆಗಿಂತ ಚೊಕ್ಕಟ."

ಮಿನೊರಿ ಓಗುರಿಯವರ ಶಿಷ್ಯೆ. ಎತ್ತರದ, ಗಟ್ಟಿ ಭುಜದ ಹೆಂಗಸು. ಹೋದ ವರ್ಷ ಪಕ್ಕದ ಊರಿನಲ್ಲಿ ಸ್ವಂತ ಶೆಡ್ಡು ಹಾಕಿಕೊಂಡಿದ್ದಳು, ಕೆಟ್ಟ ಗಾಡಿ ಎಳೆಯುವ ಲಾರಿಯೂ ಅವಳದ್ದೇ. ಪೊಲೀಸರ ಅಳತೆ ಮುಗಿದ ಮೇಲೆ ಕೆಂಪು ಕಾರನ್ನು ಎಳೆದು ತಂದವಳು ಅವಳು. ಹತ್ತಿರದ ಜಾಗವೆಂದು ಪೊಲೀಸರೇ ಅದನ್ನು ಓಗುರಿಯವರ ಕಾರ್ಖಾನೆಯಲ್ಲಿ ಇರಿಸಲು ಹೇಳಿದ್ದರು. ತಪ್ಪು ಒಪ್ಪಿಕೊಂಡವನ ಮನೆಯಲ್ಲೇ ಸಾಕ್ಷಿ ಇಟ್ಟದ್ದು ಮಿಸಾಓಗೆ ಮೊದಲ ದಿನದಿಂದಲೂ ಹಿಡಿಸಿರಲಿಲ್ಲ. ಈಗ ಮಿನೊರಿ ಬಂದಿದ್ದದ್ದು ಗುರುವಿನ ಸಾಮಾನು ಪೆಟ್ಟಿಗೆಗೆ ತುಂಬಿಸಲು.

ಕಾರು ಲಿಫ್ಟಿನ ಮೇಲಿತ್ತು. ಮುಂದಿನ ಎಡಭಾಗ ನುಜ್ಜುಗುಜ್ಜಾಗಿತ್ತು. ಹಿಂದಿನಿಂದ ನೋಡಿದರೆ ಮಾತ್ರ ಈಗಲೇ ಹೊರಡುವಂತಿತ್ತು.

ಮಿಸಾಓ ಅದನ್ನು ನೋಡುತ್ತ ನಿಂತಳು. ಅಪಘಾತದ ಕಾರುಗಳನ್ನು ನೋಡುವುದೇ ಅವಳ ಕೆಲಸ. ಅಭ್ಯಾಸಬಲದಿಂದ ಅವಳು ಮೊದಲು ಹುಡುಕುವುದು ಸೋಮಾರಿತನವನ್ನು. ಬಳಸಿದ್ದನ್ನೇ ಬಳಸಿದ ವಾಷರು, ಅರ್ಧ ಬಿಗಿದ ಸ್ಕ್ರೂ, ಕಾಣದ ಕಡೆ ಬಿಟ್ಟ ತುಕ್ಕು. ಈ ಕಾರಿನ ಹೊಟ್ಟೆಯಡಿ ಅದು ಸಿಕ್ಕಿರಲಿಲ್ಲ. ಬ್ರೇಕಿನ ಕೊಳವೆಗಳನ್ನು ಕೂಡ ಯಾರೋ ತಲೆ ಬಾಚಿದ ಹಾಗೆ ಓರಣವಾಗಿ ಕೂರಿಸಿದ್ದರು.

ಮಾಡಿದ ಕೆಲಸ ಎಂಥದ್ದೆಂದು ತಿಳಿಯಲು ಅವಳು ನಿನ್ನೆ ಇದೇ ಮಾದರಿಯ ಎರಡು ಕಾರುಗಳನ್ನು ಘಾಟಿಯಲ್ಲಿ ಓಡಿಸಿದ್ದಳು. ಒಂದು ಯಾರೂ ಕೈಯಿಡದ್ದು. ಇನ್ನೊಂದಕ್ಕೆ ಓಗುರಿ ಕೆಂಪು ಕಾರಿಗೆ ಮಾಡಿದ್ದನ್ನೆಲ್ಲ ಮಾಡಿದ್ದರು.

ಮೊದಲನೆಯದು ಒಳ್ಳೆಯ ಕಾರೇ. ಆದರೆ ತಿರುವಿನಲ್ಲಿ ಸ್ಟಿಯರಿಂಗ್ ತಿರುಗಿಸಿದಾಗ ಹೊಸಿಲಲ್ಲಿ ನಿಂತ ನೆಂಟನಂತೆ ಒಂದು ಗಳಿಗೆ ಅನುಮಾನಿಸುತ್ತಿತ್ತು. ಆಮೇಲೆ ವಾಲುತ್ತಿತ್ತು, ವಾಲಿದ ಮೇಲೆ ತಿರುಗುತ್ತಿತ್ತು. ಟೈರು ಕಿರುಗುಟ್ಟುವುದು ಜಾರುವುದಕ್ಕೆ ಮೊದಲೋ ಜಾರಿದ ಮೇಲೋ ತಿಳಿಯುತ್ತಿರಲಿಲ್ಲ.

ಎರಡನೆಯದರಲ್ಲಿ ಆ ಅನುಮಾನವೇ ಇರಲಿಲ್ಲ. ಮೆತ್ತನೆಯ ಹೊಸ ಟೈರುಗಳು ರಸ್ತೆಯನ್ನು ಹಲ್ಲಿಯ ಪಾದದಂತೆ ಹಿಡಿದಿದ್ದವು. ಗಟ್ಟಿ ಸ್ಪ್ರಿಂಗು ಕಾರನ್ನು ವಾಲಲು ಬಿಡಲಿಲ್ಲ. ಹಳ್ಳ ಬಂದಾಗ ಶಾಕ್ ಅಬ್ಸಾರ್ಬರ್ ಸ್ಪ್ರಿಂಗಿಗೆ ಒಂದೇ ಸಲ ಕುಣಿಯಲು ಬಿಟ್ಟು 'ಸಾಕು' ಎನ್ನುತ್ತಿತ್ತು. ಎಲ್ಲಕ್ಕಿಂತ ಹೆಚ್ಚಾಗಿ, ಕಾರು ಅವಳಿಗೆ ಹೇಳುತ್ತಿತ್ತು: ಇಲ್ಲಿ ಹಿಡಿತವಿದೆ, ಇಲ್ಲಿ ಕಡಿಮೆ, ಇಲ್ಲಿ ಎಚ್ಚರ. ವೇಗವಾಗಿ ಹೋಗಬೇಕೆಂದು ಅವಳಿಗೆ ಅನಿಸಲೂ ಇಲ್ಲ. ಸಾಧಾರಣ ವೇಗದಲ್ಲೇ ಅಷ್ಟು ಸುಖವಿತ್ತು. ಕೆಳಗಿಳಿದು ಬಂದು ಕೀಲಿ ಕೊಡುವಾಗ ಅವಳು ಒಂದೇ ಮಾತು ಹೇಳಿದ್ದಳು: "ಇನ್ನೊಂದು ಸಲ ಹೋಗಿ ಬರ್ಲಾ?"

ಇಂಥ ಕೆಲಸ ಮಾಡುವವರು ಒಂದು ಬೋಲ್ಟು ಮರೆತರೇ?

"ಚಹಾ ಕುಡೀತೀರಾ ಕುಜೆಸಾನ್?" ಓಗುರಿ ಒಳಗಿನಿಂದ ಬಂದರು. ತೆಳ್ಳಗಿನ ಮನುಷ್ಯ. ಇವತ್ತು ಕೆಲಸದ ಬಟ್ಟೆ ಹಾಕಿರಲಿಲ್ಲ. ಕಪ್ಪು ಕೋಟು ತೊಟ್ಟಿದ್ದರು, ಅದರ ತೋಳು ತುಸು ಉದ್ದವಾಗಿತ್ತು.

"ಆಮೇಲೆ ಕುಡೀತೀನಿ. ಬೋಲ್ಟು ಸಿಕ್ತು."

"ಹೌದಾ." ಅವರ ಮುಖದಲ್ಲಿ ನೆಮ್ಮದಿ ಮೂಡಿದ್ದನ್ನು ಮಿಸಾಓ ನೋಡಿದಳು. ತನ್ನ ತಪ್ಪಿನ ಸಾಕ್ಷಿ ಸಿಕ್ಕಿದ್ದಕ್ಕೆ ನೆಮ್ಮದಿಪಡುವವರನ್ನು ಅವಳು ಹೆಚ್ಚು ಕಂಡಿರಲಿಲ್ಲ.

ಅವಳು ಚೀಲದಿಂದ ಬೋಲ್ಟು ತೆಗೆದು ಕೊಟ್ಟಳು. "ಈ ನಟ್ಟು ಬಿಚ್ಚಿ ಕೊಡ್ತೀರಾ? ನನ್ನ ಕೈ ಒದ್ದೆ."

ಓಗುರಿ ಬೆರಳಲ್ಲೇ ಸುತ್ತಿ ನಟ್ಟು ತೆಗೆದರು.

"ಇದನ್ನ ಹೇಗೆ ಬಿಗಿ ಮಾಡ್ಬೇಕಿತ್ತು?"

"ಅದನ್ನ ಕೇಳ್ತೀರಾ!" ಓಗುರಿಯವರ ದನಿ ಬದಲಾಯಿತು. "ಎಲ್ಲರೂ ತಪ್ಪು ಮಾಡೋದು ಅಲ್ಲೇ. ಗಾಡಿ ಲಿಫ್ಟಿನ ಮೇಲಿರೋವಾಗ ಗಾಲಿ ನೇತಾಡ್ತಿರುತ್ತೆ ನೋಡಿ, ಆಗ ಬಿಗಿ ಮಾಡಬಾರ್ದು. ಸುಮ್ನೆ ಕೂರಿಸಿ ಇಡಬೇಕು ಅಷ್ಟೇ. ಕಾರನ್ನ ನೆಲಕ್ಕೆ ಇಳಿಸಿ, ಅದು ತನ್ನ ತೂಕದಲ್ಲಿ ತಾನು ನಿಂತ್ಕೊಂಡ ಮೇಲೆ ಬಿಗಿ ಮಾಡಬೇಕು. ಆಗ ತೋಳಿನ ಒಳಗಿರೋ ರಬ್ಬರ್ ನೆಟ್ಟಗಿರುತ್ತೆ. ಇಲ್ಲಾಂದ್ರೆ ಆ ರಬ್ಬರ್ ಬದುಕಿರೋವರೆಗೂ ಕತ್ತು ತಿರುಚ್ಕೊಂಡೇ ಇರ್ಬೇಕು, ಪಾಪ. ಕಾರು ನೆಟ್ಟಗೆ ಹೋಗೋವಾಗಲೂ ಒದ್ದಾಡುತ್ತೆ. ಆಮೇಲೆ ಎಂಥ ಟೈರು ಹಾಕಿದ್ರೂ..."

ಅವರು ಮಾತಾಡುತ್ತಲೇ ಇದ್ದರು. ಕಣ್ಣು ಕಾರಿನ ಮೇಲಿತ್ತು. ಕೈಗಳು ತಮ್ಮಷ್ಟಕ್ಕೆ ಏನೋ ಮಾಡಿದವು. ಆಮೇಲೆ ಬೋಲ್ಟನ್ನು ಪಕ್ಕದ ತಟ್ಟೆಯಲ್ಲಿಟ್ಟರು.

ಪೆಟ್ಟಿಗೆಗಳ ಹಿಂದೆ ಸ್ಪ್ಯಾನರಿನ ಸದ್ದು ನಿಂತಿತು. ಮಿನೊರಿ ತಟ್ಟೆಯನ್ನೇ ನೋಡುತ್ತಿದ್ದಳು.

"ಇಷ್ಟೆಲ್ಲ ತಿಳಿದೋರು ಬಿಗಿ ಮಾಡೋದು ಮರೆತ್ರಾ?" ಎಂದಳು ಮಿಸಾಓ.

"ವಯಸ್ಸಾಯ್ತಮ್ಮ."

"ನಿಮ್ಮ ಕೈಗೆ ಆಗಿಲ್ಲ. ತಟ್ಟೆ ನೋಡಿ."

ಓಗುರಿ ನೋಡಿದರು. ನಟ್ಟು ಬೋಲ್ಟಿನ ಮೇಲೆ ವಾಪಸು ಕೂತಿತ್ತು.

ಪಕ್ಕದ ಮಿಲ್ಲಿನಲ್ಲಿ ಎಲೆ ಹುರಿಯುವ ಯಂತ್ರ ಗರಗರ ತಿರುಗುತ್ತಿತ್ತು.

"ಬಿಚ್ಚಿದ ಬೋಲ್ಟಿಗೆ ಅದರ ನಟ್ಟು ಕೂಡಲೇ ಹಾಕಿಡು, ಜೋಡಿ ಅಗಲಿಸಬೇಡ," ಎಂದಳು ಮಿನೊರಿ ಮೆಲ್ಲಗೆ, ಪಾಠ ಒಪ್ಪಿಸುವಂತೆ. "ಇಲ್ಲಿ ಮೊದಲ ದಿನ ಕಲಿಸೋದೇ ಅದು. ನಾನು ಮರೆತಿದ್ದಕ್ಕೆ ಮಧ್ಯಾಹ್ನ ಊಟಕ್ಕೇ ಬಿಡಲಿಲ್ಲ."

"ಓಡೋ ಕಾರಿಂದ ಬೋಲ್ಟು ಬೀಳಬೇಕಾದ್ರೆ ಮೊದಲು ನಟ್ಟು ಬಿದ್ದುಹೋಗಿರಬೇಕು," ಎಂದಳು ಮಿಸಾಓ. "ಬಿದ್ದ ಮೇಲೆ ಅದು ಅರ್ಧ ಮೈಲಿ ಹಿಂದೆ ಎಲ್ಲೋ ಇರುತ್ತೆ. ಇದು ಚರಂಡಿಯಲ್ಲಿ ತನ್ನ ಬೋಲ್ಟಿನ ಮೇಲೇ ಇತ್ತು. ಬಂದು ಕೂತಿದ್ದು ತಾನಾಗಿ ಅಲ್ಲ. ತೋಳಿನ ತೂತೂ ನೋಡಿದೀನಿ. ಬೋಲ್ಟು ಸಡಿಲಾಗಿ ಬಡಿದಾಡಿದ್ರೆ ಅಂಚು ಜಜ್ಜಿಹೋಗಿರಬೇಕಿತ್ತು. ದುಂಡಗೇ ಇದೆ. ಅದೂ ಸಾಲದು ಅಂತ ಯಾರೋ ಒಳಗಡೆ ಒರೆಸಿದ್ದಾರೆ. ಕಳಚಿ ಬಿದ್ದ ಬೋಲ್ಟಿನ ತೂತನ್ನ ಒರೆಸೋರು ಯಾರು ಓಗುರಿಸಾನ್?"

ಓಗುರಿ ಕೋಟಿನ ತೋಳು ಎಳೆದುಕೊಂಡರು.

"ಕಾರು ಇಲ್ಲಿಗೆ ಬಂದ ಮೇಲೆ ನೀವೇ ಬಿಚ್ಚಿದ್ರಿ. ನೀವೇ ಹೋಗಿ ಚರಂಡಿಗೆ ಹಾಕಿ, ಅಲ್ಲಿ ಹುಡುಕಿ ಅಂದ್ರಿ. ಕೆಟ್ಟ ಕೆಲಸದ ವೇಷ ಹಾಕೋಕೆ ಹೋದ್ರಿ. ಕೈ ಒಪ್ಪಲಿಲ್ಲ."

"ಮೇಸ್ತ್ರಿ!" ಮಿನೊರಿ ಎದ್ದು ನಿಂತಿದ್ದಳು. "ಹೌದಾ? ಹಂಗಾದ್ರೆ ಬೋರ್ಡು ಯಾಕೆ ಇಳಿಸ್ತಿದ್ದೀರಿ? ನಾನು ಬೆಳಿಗ್ಗೆಯಿಂದ ನಿಮ್ಮ ಸ್ಪ್ಯಾನರ್ ಒಂದೊಂದನ್ನೂ ಒರೆಸಿ ಒರೆಸಿ ಪೆಟ್ಟಿಗೆಗೆ ತುಂಬ್ತಾ ಇದೀನಿ, ತಲೆ ಕೆಟ್ಟಿದೆಯಾ ನಿಮ್ಗೆ?"

"ನೀನು ಸುಮ್ನಿರು."

"ಸುಮ್ನಿರಲ್ಲ!"

ಮಿಸಾಓ ಅವರಿಬ್ಬರ ಜಗಳ ಮುಗಿಯಲು ಕಾಯಲಿಲ್ಲ. ಟಾರ್ಚು ಹಿಡಿದು ಕಾರಿನಡಿ ನಿಂತಳು. ಒಂದು ತಪ್ಪು ಕೈಗೆ ಸಿಕ್ಕಿತೆಂದರೆ ಜನ ಹುಡುಕುವುದನ್ನು ನಿಲ್ಲಿಸುತ್ತಾರೆ. ಓಗುರಿ ಬೋಲ್ಟನ್ನು ಕೊಟ್ಟದ್ದು ಅದಕ್ಕೇ. ಹಾಗಾದರೆ ಅವರು ಯಾರ ಕಣ್ಣಿಗೂ ಬೀಳಬಾರದೆಂದುಕೊಂಡದ್ದು ಈ ಕಾರಿನಲ್ಲೇ ಇದೆ.

ಹಿಂದಿನ ಎರಡು ಸ್ಪ್ರಿಂಗುಗಳನ್ನು ಅವಳು ಒಂದರ ಪಕ್ಕ ಇನ್ನೊಂದಿಟ್ಟು ನೋಡುವಂತೆ ನೋಡಿದಳು. ಪ್ರತಿ ಸ್ಪ್ರಿಂಗಿನ ಬುಡದಲ್ಲಿ ತಿರುಪಿನ ಗೆರೆ ಕೊರೆದ ಬಳೆಯಿತ್ತು. ಬಳೆಯನ್ನು ಮೇಲಕ್ಕೆ ತಿರುಗಿಸಿದರೆ ಕಾರಿನ ಆ ಮೂಲೆ ಎದ್ದು ನಿಲ್ಲುತ್ತದೆ, ಕೆಳಕ್ಕೆ ತಿರುಗಿಸಿದರೆ ಕುಳಿತುಕೊಳ್ಳುತ್ತದೆ. ಓಗುರಿ ಕಾರಿನ ನಾಲ್ಕು ಗಾಲಿಯಡಿ ನಾಲ್ಕು ತೂಕದ ಹಲಗೆ ಇಟ್ಟು, ಮಾಲೀಕನನ್ನೇ ಸೀಟಿನಲ್ಲಿ ಕೂರಿಸಿ ಬಳೆ ತಿರುಗಿಸುತ್ತಾರೆಂದು ನಿನ್ನೆ ಅವರ ಬಾಯಿಂದಲೇ ಕೇಳಿದ್ದಳು. ದರ್ಜಿ ಅಳತೆ ತೆಗೆದ ಹಾಗೆ. ಅಂಗಿ ಒಬ್ಬನಿಗೇ ಒಪ್ಪುವಂತೆ ಕಾರೂ ಒಬ್ಬನಿಗೇ ಒಪ್ಪಬೇಕು.

ಹಯಾಮಿ ತೊಷಿಕಿ ಜೂಡೋ ಆಡುತ್ತಿದ್ದ ಭಾರಿ ಆಳು. ಓಡಿಸುವವನು ಕೂರುವುದು ಬಲಕ್ಕೆ. ಅಂಥವನು ಕೂತರೆ ಬಲ ಕುಸಿಯುತ್ತದೆ, ಆದ್ದರಿಂದ ಬಲದ ಬಳೆ ಎದ್ದು ಕಾಣುವಷ್ಟು ಮೇಲಿರಬೇಕು.

ಎರಡೂ ಬಳೆಗಳು ಹೆಚ್ಚುಕಡಿಮೆ ಸಮನಾಗಿದ್ದವು.

"ಈ ಕಾರು ತೊಷಿಕಿಗೆ ಹೊಲಿದ ಅಂಗಿ ಅಲ್ಲ," ಎಂದಳು ಮಿಸಾಓ. "ಯಾರೋ ತೀರಾ ಹಗುರದವರಿಗೆ ಬಿಚ್ಚಿ ಹೊಲಿದಿದ್ದಾರೆ."

ಓಗುರಿ ಕಣ್ಣು ಮುಚ್ಚಿದರು. ಮಿನೊರಿ ಟೋಪಿ ತೆಗೆದು ಕೈಯಲ್ಲಿ ಹಿಂಡಿದಳು.

"ನಾನು," ಎಂದಳು. "ನಾನು ಮಾಡಿದ್ದು."

"ಮಿನೊರಿ, ಬೇಡ."

"ಇರ್ಲಿ ಮೇಸ್ತ್ರಿ. ಕಾರು ನಿಮ್ಮ ಕೈ ಬಿಟ್ಟ ಮೇಲೆ ತೊಷಿಕಿಸಾನ್ ನನ್ನ ಶೆಡ್ಡಿಗೆ ತಂದ್ರು. ಓಗುರಿಸಾನ್‌ಗೆ ಹೇಳಬೇಡ, ಬೇರೆಯವರ ತೂಕಕ್ಕೆ ಮಾಡಿಕೊಡು ಅಂದ್ರು. ಸೀಟಿನ ಮೇಲಿಡೋಕೆ ಅಕ್ಕಿ ಚೀಲ ಅವರೇ ತಂದಿದ್ರು. ದೊಡ್ಡದೊಂದು, ಸಣ್ಣದೊಂದು. ಸೇರಿ ನಲವತ್ತು ಕಿಲೋ. ಯಾರಿಗೆ ಅಂದೆ. 'ಪ್ರೀತಿಯವರಿಗೆ' ಅಂದು ನಕ್ಕರು. ಯಾವಳೋ ಹುಡುಗಿ ಅಂದ್ಕೊಂಡೆ." ಅವಳು ಗುರುವಿನ ಕಡೆ ತಿರುಗಿದಳು. "ನೋಡಿದ ತಕ್ಷಣ ನಿಮಗೆ ಗೊತ್ತಾಗಿರ್ಬೇಕು. ಬೈಯಲೇ ಇಲ್ಲ."

"ಬೈಯೋಕೆ ಏನಿತ್ತು?" ಎಂದರು ಓಗುರಿ. "ಎಡ ಹಿಂದಿನ ಬಳೆ ಅರ್ಧ ಸುತ್ತು ಕಡಿಮೆ ಮಾಡಿದ್ದೀಯ, ಬಲ ಬಾಗಿಲ ಕಡೆಗೆ ಒರಗಿ ಕೂರೋರು ಇರಬಹುದು ಅಂತ ತಾನೇ? ನನಗೆ ಅದು ಹೊಳೀತಿರಲಿಲ್ಲ. ಚೆನ್ನಾಗಿ ಮಾಡಿದ್ದೀಯ."

ಇಷ್ಟು ವರ್ಷದಲ್ಲಿ ಆ ಮಾತನ್ನು ಅವಳು ಅವರ ಬಾಯಿಂದ ಮೊದಲ ಸಲ ಕೇಳಿದ್ದಿರಬೇಕು. ಮಿನೊರಿ ಮುಖ ತಿರುಗಿಸಿ ಟೋಪಿಯಿಂದ ಮೂಗು ಒರೆಸಿಕೊಂಡಳು.

*

ಹೊರಗೆ ಟ್ಯಾಕ್ಸಿಯ ಬಾಗಿಲು ಮುಚ್ಚಿದ ಸದ್ದಾಯಿತು.

ಒಳಗೆ ಬಂದ ಮುದುಕಿ ಮಿಸಾಓಳ ಭುಜಕ್ಕೂ ಬರುತ್ತಿರಲಿಲ್ಲ. ಬೂದು ಬಣ್ಣದ ಕಿಮೋನೊ, ಬಿಗಿದ ಬೆಳ್ಳಿಗೂದಲು. ಹಯಾಮಿ ಕಿನು, ತೊಷಿಕಿಯ ಅಜ್ಜಿ, ಪಕ್ಕದ ಚಹಾ ಮಿಲ್ಲಿನ ಒಡತಿ. ಮೊಮ್ಮಗನ ಕಾರು ಉರುಳಿದ ದಿನದಿಂದ ಓಗುರಿಯವರ ಮೇಲೆ ಒಂದು ಮಾತೂ ಆಡದೆ ಇದ್ದವರು. ಅವರ ಮೌನವನ್ನು ಊರು ದೊಡ್ಡತನವೆಂದು ತಿಳಿದಿತ್ತು.

ಓಗುರಿ ಗಡಬಡಿಸಿ ಮುಂದೆ ಬಂದರು. "ಅಮ್ಮಾ, ಸಂಜೆ ನಾನೇ ಬರ್ತಿದ್ದೆ."

"ನೀನು ಬಂದು ನನ್ನ ಹೊಸಿಲಿಗೆ ಹಣೆ ಹಚ್ಚೋದನ್ನ ನಾನು ನೋಡಬೇಕಾ ಶೊಹೇ? ಅದಕ್ಕೇ ಮೊದಲು ಬಂದೆ. ಆ ಕೋಟು ಯಾರದ್ದು? ನಿನ್ನದಲ್ಲ."

"ತಮ್ಮನದ್ದು."

"ಹಾಗೇ ಕಾಣುತ್ತೆ." ಅವರು ಸುತ್ತ ನೋಡಿದರು. "ಆ ಪೊಲೀಸು ಹುಡುಗ ಎಲ್ಲಿ? ಅವನನ್ನೂ ಕರೀರಿ. ಎರಡೆರಡು ಸಲ ಹೇಳೋಕೆ ನನಗಾಗಲ್ಲ."

"ಸೊನೊದಾಸಾನ್ ಊಟ ಮಾಡ್ತಿದ್ದಾರೆ," ಎಂದಳು ಮಿಸಾಓ. "ಮೊದಲು ನಾನು ಕೇಳ್ತೀನಿ. ಹಯಾಮಿಸಾನ್, ಕೂತ್ಕೊಳ್ಳಿ."

ಮಿನೊರಿ ಸ್ಟೂಲು ಎಳೆದು ಹಾಕಿದಳು. ಕಿನು ಕೂತರು. ಸ್ಟೂಲು ಸದ್ದೇ ಮಾಡಲಿಲ್ಲ. ಆ ಕ್ಷಣದಲ್ಲಿ ಮಿಸಾಓಗೆ ಎರಡು ಅಕ್ಕಿ ಚೀಲ ಯಾರ ತೂಕವೆಂದು ಅರ್ಥವಾಯಿತು. ಮಿನೊರಿಗೂ ಆಯಿತು, ಅವಳ ಬಾಯಿ ತೆರೆದುಕೊಂಡಿತು.

ಹೋದ ವಸಂತದಲ್ಲಿ, ವಯಸ್ಸಾದವರು ಡ್ರೈವಿಂಗ್ ಲೈಸೆನ್ಸ್ ಹಿಂದಿರುಗಿಸಬೇಕೆಂದು ಪೊಲೀಸರು ಊರಿನಲ್ಲಿ ಸಭೆ ಮಾಡಿದಾಗ, ಎಲ್ಲರಿಗಿಂತ ಮೊದಲು ವೇದಿಕೆ ಹತ್ತಿ ತನ್ನದನ್ನು ಕೊಟ್ಟವರು ಇವರೇ. ಅವರನ್ನು ನೋಡಿ ಎಷ್ಟೋ ಮಂದಿ ಕೊಟ್ಟರು. ಅವರ ಕೈಗೆ ಹೂಗುಚ್ಛವಿಟ್ಟು ಫೋಟೋ ತೆಗೆದಿದ್ದರು.

"ನಿಮ್ಮ ಮೊಮ್ಮಗನಿಗೆ ಮುರಿದಿರೋದು ಎಡ ಹೆಗಲಿನ ಮೂಳೆ," ಎಂದಳು ಮಿಸಾಓ ನಿಧಾನವಾಗಿ. "ಎಡ ಹೆಗಲ ಮೇಲೆ ಬೆಲ್ಟು ಬರೋದು ಎಡಗಡೆ ಸೀಟಲ್ಲಿ ಕೂತವರಿಗೆ. ಅದು ಮೊದಲ ದಿನವೇ ನನಗೆ ಹೊಳೀಬೇಕಿತ್ತು."

"ಹೌದು. ಓಡಿಸಿದ್ದು ನಾನು."

"ಅಮ್ಮಾ!" ಎಂದರು ಓಗುರಿ.

"ನೀನು ಬಾಯ್ಮುಚ್ಚು. ಇಷ್ಟು ದಿನ ನಿನ್ನ ಮಾತು ಕೇಳಿದ್ದೇ ತಪ್ಪಾಯ್ತು." ಕಿನು ಮಿಸಾಓಳ ಕಡೆ ತಿರುಗಿದರು. "ಗಂಡ ಹೋದ ಮೇಲೆ ಈ ಘಾಟಿಯಲ್ಲಿ ಚಹಾ ಲಾರಿ ಓಡಿಸಿ ಮಿಲ್ಲು ಉಳಿಸಿದವಳು ನಾನು. ಒಂದು ದಿನವೂ ಖುಷಿಯಿಂದ ಓಡಿಸಿಲ್ಲ. ಹೊರೆ ವಾಲುತ್ತೆ, ಬ್ರೇಕು ಕಾಯುತ್ತೆ, ಹೊಟ್ಟೇಲಿ ಯಾವಾಗಲೂ ಒಂದು ಕಲ್ಲು. ಲೈಸೆನ್ಸ್ ವಾಪಸು ಕೊಟ್ಟ ದಿನ ತೊಷಿಕಿಗೆ ಹೇಳಿದ್ದೆ, ಹೆದರಿಕೆ ಇಲ್ಲದೆ ಒಂದೇ ಒಂದು ಸಲ ಈ ಘಾಟಿ ಹತ್ತಬೇಕಿತ್ತು ಕಣೋ ಅಂತ. ಹುಚ್ಚ, ಅದನ್ನ ಮನಸ್ಸಲ್ಲಿಟ್ಕೊಂಡಿದ್ದ."

ಅವರು ಲಿಫ್ಟಿನ ಮೇಲಿದ್ದ ಕಾರನ್ನು ನೋಡಿದರು. ಆ ನೋಟದಲ್ಲಿ ಪಶ್ಚಾತ್ತಾಪವಿದ್ದದ್ದು ಆಮೇಲೆ, ಮೊದಲು ಇದ್ದದ್ದು ಬೇರೆ.

"ಎಂಥ ಕಾರು ಅಂತೀರಿ! ಮೊದಲನೇ ತಿರುವಲ್ಲಿ ನನಗೆ ನಗು ಬಂತು. ಎರಡನೇದರಲ್ಲಿ ಅಳು. ರಸ್ತೆ ನನ್ನ ಅಂಗೈಯಲ್ಲಿತ್ತು. ಹೀಗೂ ಇರುತ್ತೆ ಅಂತ ಗೊತ್ತಿಲ್ಲದೆ ಸಾಯ್ತಿದ್ನಲ್ಲಾ ಅನ್ನಿಸ್ತು."

"ಮೂರನೇದರಲ್ಲಿ?"

"ಮೂರನೇದರಲ್ಲೂ ಕಾರು ನಾನು ಹೇಳಿದ ಕಡೆಗೇ ತಿರುಗ್ತು. ಅದನ್ನ ಹೇಳೋಕೇ ಬಂದಿದ್ದು. ಕಾರಿಂದು ತಪ್ಪಿಲ್ಲ, ಶೊಹೇ ಕೆಲಸದಲ್ಲಿ ತಪ್ಪಿಲ್ಲ, ಈ ಹುಡುಗಿದೂ ಇಲ್ಲ. ಹೊರಗೆ ತಿರುಗು ಅಂದೆ, ಹೊರಗೆ ತಿರುಗ್ತು."

"ಬೇಕಂತಲೇ ತಿರುಗಿಸಿದ್ರಾ?"

"ಎದುರಿಗೆ ಮನುಷ್ಯ ಇದ್ದ. ಅವನ ಮೇಲೆ ಹತ್ತಿಸಬೇಕಿತ್ತಾ?"

ಮಿಸಾಓಗೆ ಮುಂದಿನ ಪ್ರಶ್ನೆ ಕೇಳಬೇಕಾಗಲಿಲ್ಲ. ಕಿನು ನೋಡುತ್ತಿದ್ದದ್ದು ಓಗುರಿಯವರನ್ನು.

ಓಗುರಿ ನೆಲ ನೋಡುತ್ತ ಮಾತಾಡಿದರು. ಕೆಲಸ ಮುಗಿದ ಪ್ರತಿ ಕಾರೂ ಮೊದಲ ಸಲ ಘಾಟಿ ಹತ್ತುವ ದಿನ ತಾನು ಆ ತಿರುವಿನ ಮೇಲಿನ ಕಲ್ಲುಗೋಡೆಯ ಮೇಲೆ ನಿಲ್ಲುತ್ತೇನೆ ಎಂದರು. ನೋಡಲು ಅಲ್ಲ, ಕೇಳಲು. ಹೊಸ ಟೈರಿನ ಮೇಲ್ಪದರ ಸವೆದು ಹಿಡಿತ ಬಂದಿದೆಯೋ, ನಾಲ್ಕೂ ಒಂದೇ ದನಿಯಲ್ಲಿವೆಯೋ, ಕಿವಿಗೆ ತಿಳಿಯುತ್ತದೆ. ಆ ದಿನ ತೊಷಿಕಿ ಹೊರಡುವ ಹೊತ್ತು ತಿಳಿಸಿದ್ದ, ಓಡಿಸುವವರು ಬೇರೆ ಎಂದು ಮಾತ್ರ ತಿಳಿಸಿರಲಿಲ್ಲ.

"ಕೆಳಗಿನ ತಿರುವಲ್ಲೇ ಗೊತ್ತಾಯ್ತು, ಇದು ತೊಷಿಕಿ ಅಲ್ಲ ಅಂತ. ಇಷ್ಟು ಮೃದುವಾಗಿ ಓಡಿಸೋರು ಯಾರಪ್ಪ ಅಂದ್ಕೊಂಡೆ. ಟೈರು ಹಾಡ್ತಾ ಇತ್ತು ಕುಜೆಸಾನ್, ಕಿರುಚ್ತಾ ಇರಲಿಲ್ಲ. ಕಾರು ಉರುಳಿದ ಮೇಲೆ ಆಂಬುಲೆನ್ಸ್‌ಗೆ ಫೋನ್ ಮಾಡಿ, ಅಮ್ಮನ್ನ ನನ್ನ ಪುಟ್ಟ ಟ್ರಕ್ಕಲ್ಲಿ ಮನೆಗೆ ಬಿಟ್ಟೆ. ತೊಷಿಕಿನೂ ಅದನ್ನೇ ಬೇಡಿಕೊಂಡ. ಲೈಸೆನ್ಸ್ ಇಲ್ಲದೆ ಓಡಿಸಿದ್ರು ಅಂತ ಪೇಪರಲ್ಲಿ ಬಂದ್ರೆ ಅಮ್ಮ ಉಳೀತಿರಲಿಲ್ಲ. ನಾನು ನಡುರಸ್ತೆಯಲ್ಲಿ ಇದ್ದಿದ್ದಕ್ಕೆ ಇದೆಲ್ಲ ಆಗಿದ್ದು. ಒಂದು ಬೋರ್ಡು ಇಳಿಸಿದ್ರೆ ಮುಗಿಯುತ್ತೆ ಅನ್ನಿಸ್ತು."

"ಗೋಡೆ ಮೇಲಿದ್ದೋರು ನಡುರಸ್ತೆಗೆ ಯಾಕೆ ಇಳಿದ್ರಿ?"

"ಇಳೀಲಿಲ್ಲ."

"ಮತ್ತೆ?"

ಕಿನು ಸ್ಟೂಲಿನಿಂದ ಅರ್ಧ ಎದ್ದರು. ಇದು ಅವರಿಗೂ ಗೊತ್ತಿರಲಿಲ್ಲ.

"ಹಿಂದಿನಿಂದ ಯಾರೋ ತಳ್ಳಿದ್ರು," ಎಂದರು ಓಗುರಿ.

"ಯಾರು?"

"ಮುಖ ನೋಡಲಿಲ್ಲ. ಎದ್ದು ತಿರುಗೋ ಹೊತ್ತಿಗೆ ಪೊದೆ ಅಲ್ಲಾಡ್ತಿತ್ತು ಅಷ್ಟೇ." ಅವರು ತಮ್ಮ ಬಲ ಅಂಗೈ ಬಿಡಿಸಿದರು. "ಸಿಟ್ಟಲ್ಲಿ ತಳ್ಳೋರು ಬೆರಳು ಊರ್ತಾರೆ, ಇಲ್ಲಾ ಮುಷ್ಟಿ. ಬೆನ್ನಿಗೆ ತಾಗಿದ್ದು ಅಂಗೈ ಬುಡ, ಬೆರಳು ಪೂರ್ತಿ ಬಿಚ್ಚಿತ್ತು. ಗಟ್ಟಿ ನಟ್ಟು ಸಡಿಲಿಸೋವಾಗ ಸ್ಪ್ಯಾನರ್ ಹಿಡೀಬೇಡ, ಹಾಗೆ ತಳ್ಳು, ಜಾರಿದ್ರೂ ಬೆರಳು ಮುರಿಯಲ್ಲ ಅಂತ ನಾನು ಕಲಿಸ್ತೀನಿ. ಕಲಿತ ಮೇಲೆ ಅವರು ಬಾಗಿಲನ್ನೂ ಹಾಗೇ ತಳ್ತಾರೆ." ಅಂಗೈ ಮುಚ್ಚಿಕೊಂಡರು. "ಎಷ್ಟೋ ಜನ ಕಲಿತು ಹೋಗಿದ್ದಾರೆ, ಯಾರದೋ ಗೊತ್ತಿಲ್ಲ, ಆದ್ರೆ ನನ್ನ ಹತ್ರ ಕಲಿತ ಕೈ ಅದು."

ಬೋರ್ಡು ಇಳಿಸಲು ಹೊರಟವರು ಉಳಿಸಲು ಹೊರಟದ್ದು ಕಿನು ಒಬ್ಬರನ್ನೇ ಅಲ್ಲ.

"ಮೇಸ್ತ್ರಿ," ಎಂದಳು ಮಿನೊರಿ. "ನೀವು ಫೋನ್ ಮಾಡಿ ಲಾರಿ ತಾ ಅನ್ನೋವರೆಗೂ ನಾನು ಘಾಟಿ ಕಡೆ ಬಂದೇ ಇರಲಿಲ್ಲ."

ಓಗುರಿ ನಿಧಾನವಾಗಿ ಅವಳ ಕಡೆ ತಿರುಗಿದರು.

"ನಿನ್ನ ಹೆಸರು ನಾನು ಹೇಳಿದ್ನಾ, ಮಿನೊರಿ?"